ಕಿಡ್ನಿ ಕಸಿಯಾದ ಅಕ್ಕನಿಗೆ ಲಸಿಕೆ ಏಕೆ ಹಿಡಿಯಲಿಲ್ಲ?

ಪ್ರಶ್ನೆ: ನನ್ನ ಅಕ್ಕನಿಗೆ 34 ವರ್ಷ. ಎರಡು ವರ್ಷದ ಹಿಂದೆ ಅಮ್ಮನ ಒಂದು ಕಿಡ್ನಿಯನ್ನು ಅವಳಿಗೆ ಕಸಿ ಮಾಡಿದರು. ಈಗ ಚೆನ್ನಾಗಿದ್ದಾಳೆ, ಕೆಲಸಕ್ಕೂ ಹೋಗುತ್ತಾಳೆ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಸಣ್ಣ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಾಳೆ. ಕಸಿಯ ನಂತರ ಕೋವಿಡ್ ಲಸಿಕೆಯ ಎರಡು ಡೋಸ್ ಹಾಕಿಸಿಕೊಂಡಳು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ವೈರಾಣುವನ್ನು ಹಿಡಿಯುವ ಪ್ರತಿಕಾಯ (ಆಂಟಿಬಾಡಿ) ಇಲ್ಲವೇ ಇಲ್ಲ ಎಂದು ವರದಿ ಬಂತು. ‘ನನ್ನ ಮೈಗೆ ಲಸಿಕೆಯೂ ಹತ್ತುವುದಿಲ್ಲ’ ಎಂದು ಕುಗ್ಗಿಹೋಗಿದ್ದಾಳೆ. ಲಸಿಕೆ ಹಾಕಿಸಿದರೆ ರೋಗನಿರೋಧಕ ಶಕ್ತಿ ಕೆರಳಿ ಕಿಡ್ನಿಯನ್ನೇ ತಿರಸ್ಕರಿಸುತ್ತದೆ ಎಂದು ಸಂಬಂಧಿಕರೊಬ್ಬರು ಹೆದರಿಸುತ್ತಾರೆ. ಲಸಿಕೆಯ ಆಚೆ ಈಚೆ ಒಂದು ವಾರ ಮಾತ್ರೆ ನಿಲ್ಲಿಸಿದರೆ ಲಸಿಕೆ ಹಿಡಿಯುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ? ಕಿಡ್ನಿಯೂ ಉಳಿದು ಸೋಂಕಿನಿಂದ ರಕ್ಷಣೆಯೂ ಸಿಗುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆಯೇ?

ಉತ್ತರ: ಮೊದಲಿಗೆ ತುರ್ತಿನ ಮಾತು. ಅಕ್ಕ ಒಂದು ಹೊತ್ತಿನ ಮಾತ್ರೆಯನ್ನೂ ತಾನಾಗಿ ಬಿಡಬಾರದು. ನಿಲ್ಲಿಸಿ ಎಂದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಆ ಸಲಹೆಗೆ ತೆರಬೇಕಾದ ಬೆಲೆ ಒಂದು ಕಿಡ್ನಿಯೇ ಆದೀತು. ಲಸಿಕೆಯಿಂದ ಕಿಡ್ನಿ ಹೋಗುತ್ತದೆ ಎಂಬ ಹೆದರಿಕೆಗೆ ಆಧಾರ ಸಿಕ್ಕಿಲ್ಲ. ಎರಡು ಡೋಸ್ ವ್ಯರ್ಥವಾಯಿತು ಎಂಬುದೂ ಪೂರ್ತಿ ನಿಜವಲ್ಲ. ಈ ಮೂರನ್ನೂ ಬಿಡಿಸಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಕ್ಕನ ಆ ಒಂದು ಮಾತು. ಕಸಿಯಾದವರ ಬಾಯಲ್ಲಿ ಅದನ್ನು ಮತ್ತೆ ಮತ್ತೆ ಕೇಳಿದ್ದೇನೆ. ವರದಿಯ ಹಾಳೆಯನ್ನು ಮೇಜಿನ ಮೇಲಿಟ್ಟು, ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಕೂರುತ್ತಾರೆ. ಪ್ರತಿಕಾಯ ಬಾರದಿರುವುದು ಅವರ ಮೈಯ ದೌರ್ಬಲ್ಯವಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಕಿಡ್ನಿಯನ್ನು ಕಾಯುತ್ತಿರುವ ಮಾತ್ರೆಗಳು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿವೆ ಎಂಬುದರ ಇನ್ನೊಂದು ಮುಖ ಅದು. ಏಕೆಂದರೆ ಲಸಿಕೆಗೆ ಸ್ಪಂದಿಸುವ ಕೋಶಗಳೂ ಕಸಿಯಾದ ಅಂಗದ ಮೇಲೆ ಏರಿಹೋಗುವ ಕೋಶಗಳೂ ಬೇರೆ ಬೇರೆಯಲ್ಲ. ಒಂದೇ ಪಡೆ, ಒಂದೇ ತರಬೇತಿ.

ತೋಳಿನ ಸ್ನಾಯುವಿಗೆ ಚುಚ್ಚಿದ ಲಸಿಕೆ ಅದೇ ಬದಿಯ ಕಂಕುಳಿನಲ್ಲಿರುವ ದುಗ್ಧಗ್ರಂಥಿಗಳನ್ನು ತಲುಪುತ್ತದೆ. ಲಸಿಕೆಯಾದ ಮೇಲೆ ಕೆಲವರಿಗೆ ಕಂಕುಳಲ್ಲಿ ಸಣ್ಣ ಗಂಟು ಸಿಕ್ಕಿ ನೋಯುವುದು ಇದರಿಂದಲೇ. ಆ ಗ್ರಂಥಿಯೊಳಗೆ, ಪ್ರತಿಕಾಯ ತಯಾರಿಸುವ ಬಿ ಕೋಶಗಳು ಒಂದೆಡೆ ಒತ್ತೊತ್ತಾಗಿ ಸೇರಿ ಬಿರುಸಿನಿಂದ ಇಬ್ಬಾಗವಾಗುತ್ತಾ, ತಮ್ಮ ಪ್ರತಿಕಾಯದ ವಿನ್ಯಾಸವನ್ನು ಚೂರುಚೂರೇ ಬದಲಿಸಿಕೊಳ್ಳುತ್ತವೆ. ವೈರಾಣುವಿನ ತುಣುಕನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲ ಕೋಶ ಉಳಿಯುತ್ತದೆ, ಹಿಡಿತ ಸಡಿಲವಾದದ್ದು ಸಾಯುತ್ತದೆ. ಯಾರು ಉಳಿಯಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅಲ್ಲೇ ನಿಂತಿರುವ, ರೋಗನಿರೋಧಕ ಪಡೆಯ ಇನ್ನೊಂದು ಬಗೆಯಾದ ಸಹಾಯಕ ಟಿ ಕೋಶಗಳು. ಈ ಜಾಗಕ್ಕೆ ಜರ್ಮಿನಲ್ ಸೆಂಟರ್ ಎನ್ನುತ್ತಾರೆ. ನಾನು ವಿದ್ಯಾರ್ಥಿಗಳಿಗೆ ಅದನ್ನು ಗರಡಿಮನೆ ಎಂದು ಹೇಳಿಕೊಡುತ್ತೇನೆ: ಒಳಗೆ ಹೋದ ಹತ್ತು ಜನರಲ್ಲಿ ಪಟ್ಟು ಕಲಿತವರಷ್ಟೇ ಹೊರಬರುತ್ತಾರೆ.

ಬಹಳ ಕಾಲ ಈ ಗರಡಿಯನ್ನು ಇಲಿಗಳಲ್ಲಿ ಮಾತ್ರ ನೋಡಲು ಸಾಧ್ಯವಿತ್ತು. ಕೋವಿಡ್ ಕಾಲದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಲಸಿಕೆ ಪಡೆದ ಸ್ವಯಂಸೇವಕರ ಕಂಕುಳಿಗೆ ಅಲ್ಟ್ರಾಸೌಂಡ್ ಹಿಡಿದು, ತೆಳುವಾದ ಸೂಜಿಯಿಂದ ಗ್ರಂಥಿಯೊಳಗಿನ ಕೋಶಗಳನ್ನು ಹೀರಿ ತೆಗೆದರು. ಮತ್ತೆ ಮತ್ತೆ, ವಾರಗಟ್ಟಲೆ. 2021ರಲ್ಲಿ ಪ್ರಕಟವಾದ ಅವರ ಫಲಿತಾಂಶ ನಮ್ಮಂಥವರಿಗೆ ನಿಜಕ್ಕೂ ಅಚ್ಚರಿ ತಂದಿತು. ವೈರಾಣುವಿನ ಪ್ರೋಟೀನ್ ತಯಾರಿಸುವ ಸೂಚನೆಯನ್ನು ದೇಹಕ್ಕೆ ಕೊಡುವ ಎಂಆರ್‌ಎನ್‌ಎ ಲಸಿಕೆಯ ಎರಡನೆಯ ಡೋಸ್ ಆಗಿ 12 ವಾರ ಕಳೆದರೂ ಗರಡಿ ಇನ್ನೂ ನಡೆಯುತ್ತಲೇ ಇತ್ತು. ಕೆಲವೇ ವಾರಗಳಲ್ಲಿ ಅದು ಮುಚ್ಚಿಹೋಗುತ್ತದೆ ಎಂದು ಹಲವರು ಭಾವಿಸಿದ್ದೆವು.

ಮರುವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಇದೇ ಸೂಜಿಯನ್ನು ಕಿಡ್ನಿ ಕಸಿಯಾದವರಲ್ಲಿ ಬಳಸಿತು. ಆರೋಗ್ಯವಂತರ ಗ್ರಂಥಿಯಲ್ಲಿ ಕಿಕ್ಕಿರಿದಿದ್ದ ಕೋಶಗಳು ಇವರಲ್ಲಿ ಇರಲಿಲ್ಲವೆನ್ನುವಷ್ಟು ಕಡಿಮೆ. ಅವುಗಳನ್ನು ತಿದ್ದುವ ಸಹಾಯಕ ಟಿ ಕೋಶಗಳೂ ತೀರಾ ಕ್ಷೀಣ. ನಿಮ್ಮ ಅಕ್ಕನ ವರದಿಯಲ್ಲಿ ಕಂಡ ಆ ಸೊನ್ನೆಯ ಮೂಲ ಇಲ್ಲಿದೆ. ಲಸಿಕೆ ತಲುಪಬೇಕಾದ ಜಾಗವನ್ನು ತಲುಪಿದೆ, ಆದರೆ ಅಲ್ಲಿ ಗರಡಿಯ ಬಾಗಿಲು ಅರೆಮುಚ್ಚಿತ್ತು.

ಮುಚ್ಚಿದ್ದು ಯಾರು ಎಂದರೆ, ಮಾತ್ರೆಗಳು. ಟ್ಯಾಕ್ರೋಲಿಮಸ್ ಟಿ ಕೋಶದೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತದೆ. ಆಗ ಆ ಕೋಶ ಶತ್ರುವನ್ನು ಕಂಡರೂ ‘ಬನ್ನಿ, ಸಂಖ್ಯೆ ಹೆಚ್ಚಿಸಿಕೊಳ್ಳೋಣ’ ಎಂದು ಕೂಗುವ ರಾಸಾಯನಿಕವನ್ನು ತಯಾರಿಸಲಾರದು. ಮೈಕೋಫಿನೋಲೇಟ್ ಇನ್ನೊಂದು ಕಡೆಯಿಂದ ಕಟ್ಟಿಹಾಕುತ್ತದೆ. ಯಾವ ಕೋಶ ಇಬ್ಬಾಗವಾಗಬೇಕಾದರೂ ಹೊಸ ಡಿಎನ್‌ಎ ಕಟ್ಟಬೇಕು, ಅದಕ್ಕೆ ಗ್ವಾನಿನ್ ಎಂಬ ಇಟ್ಟಿಗೆ ಬೇಕು. ದೇಹದ ಬಹುಪಾಲು ಕೋಶಗಳು ಹಳೆಯ ಇಟ್ಟಿಗೆಯನ್ನೇ ಆಯ್ದು ಮತ್ತೆ ಬಳಸಬಲ್ಲವು. ಬಿ ಮತ್ತು ಟಿ ಕೋಶಗಳು ಮಾತ್ರ ಹೆಚ್ಚಾಗಿ ಹೊಸದನ್ನೇ ನೆಚ್ಚಿಕೊಂಡಿವೆ. ಆ ಹೊಸ ಇಟ್ಟಿಗೆಯ ಗೂಡನ್ನೇ ಮೈಕೋಫಿನೋಲೇಟ್ ನಂದಿಸುತ್ತದೆ. ಬಿರುಸಿನ ವಿಭಜನೆಯೇ ಉಸಿರಾದ ಜರ್ಮಿನಲ್ ಸೆಂಟರಿಗೆ ಇದಕ್ಕಿಂತ ದೊಡ್ಡ ಹೊಡೆತ ಇನ್ನೊಂದಿಲ್ಲ. ಲಸಿಕೆಗೆ ಪ್ರತಿಕಾಯ ಬಾರದ ಕಸಿ ರೋಗಿಗಳ ಅಧ್ಯಯನಗಳಲ್ಲಿ ಈ ಮಾತ್ರೆಯ ಹೆಸರು ಪದೇ ಪದೇ ಬರುವುದು ಇದೇ ಕಾರಣಕ್ಕೆ.

ಹಾಗಾದರೆ ಅಮ್ಮನೇ ಕೊಟ್ಟ ಕಿಡ್ನಿಯ ಮೇಲೆ ದೇಹಕ್ಕೆ ಇಷ್ಟು ಹಗೆ ಏಕೆ? ಇದಕ್ಕೆ ಉತ್ತರ ಹುಡುಕಲು ಹೊರಟವರಿಗೆ ಮೊದಲ ಸುಳಿವು ಸಿಕ್ಕಿದ್ದು ಸುಟ್ಟಗಾಯದ ವಾರ್ಡಿನಲ್ಲಿ. ಎರಡನೆಯ ಮಹಾಯುದ್ಧದ ಕಾಲ, ಗ್ಲಾಸ್ಗೋ ನಗರ. ಪೀಟರ್ ಮೆಡವಾರ್ ಎಂಬ ಯುವ ಪ್ರಾಣಿಶಾಸ್ತ್ರಜ್ಞ ಮತ್ತು ಶಸ್ತ್ರವೈದ್ಯ ಥಾಮಸ್ ಗಿಬ್ಸನ್, ಸುಟ್ಟಗಾಯದಿಂದ ನರಳುತ್ತಿದ್ದ ಮಹಿಳೆಯೊಬ್ಬರ ಮೈಗೆ ಅವರ ಸಹೋದರನ ಚರ್ಮದ ಸಣ್ಣ ಸಣ್ಣ ತುಣುಕುಗಳನ್ನು ಅಂಟಿಸಿದರು. ಅವು ಕೆಲವು ದಿನ ಹಿಡಿದು ನಂತರ ನಾಶವಾದವು. ಅದೇ ಸಹೋದರನ ಚರ್ಮವನ್ನು ಎರಡನೆಯ ಸಲ ಇಟ್ಟಾಗ ಅದು ಇನ್ನೂ ಬೇಗ ಹೋಯಿತು. 1943ರಲ್ಲಿ ಅವರು ಬರೆದ ವರದಿಯ ತಿರುಳು ಈ ‘ಇನ್ನೂ ಬೇಗ’ ಎಂಬ ಎರಡು ಪದಗಳಲ್ಲಿದೆ. ದೇಹ ಮೊದಲ ಸಲ ಕಂಡದ್ದನ್ನು ನೆನಪಿಟ್ಟುಕೊಂಡಿತ್ತು. ನೆನಪಿಡುವುದು ರೋಗನಿರೋಧಕ ವ್ಯವಸ್ಥೆಯ ಲಕ್ಷಣ, ಲಸಿಕೆಯ ಅಡಿಪಾಯವೂ ಅದೇ. ಅಂದರೆ ದೇಹವು ಪರರ ಚರ್ಮವನ್ನು ಸೋಂಕಿನಂತೆಯೇ ಕಾಣುತ್ತಿತ್ತು. ಮೆಡವಾರ್ ಅವರಿಗೆ 1960ರಲ್ಲಿ ನೊಬೆಲ್ ಬಂತು. 1954ರ ಡಿಸೆಂಬರ್‌ನಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಕಿಡ್ನಿ ಕಸಿ ಯಶಸ್ವಿಯಾದದ್ದು ಕೂಡ ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರಿಂದ. ಅಲ್ಲಿ ಪರರೆಂಬುದೇ ಇರಲಿಲ್ಲ.

ದೇಹ ಪರರನ್ನು ಗುರುತಿಸುವುದು ಎಚ್‌ಎಲ್‌ಎ ಎಂಬ ಪ್ರೋಟೀನುಗಳಿಂದ. ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನಿನ ತುಣುಕುಗಳನ್ನು ಎಚ್‌ಎಲ್‌ಎ ಎಂಬ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತದೆ. ಸುತ್ತಾಡುವ ಟಿ ಕೋಶ ಅದನ್ನು ಮುಟ್ಟಿ ನೋಡುತ್ತದೆ. ತಟ್ಟೆಯಲ್ಲಿ ವೈರಾಣುವಿನ ತುಣುಕು ಸಿಕ್ಕಿದರೆ ಆ ಕೋಶವನ್ನು ಕೊಲ್ಲುತ್ತದೆ. ಟಿ ಕೋಶ ತುಣುಕನ್ನಷ್ಟೇ ನೋಡುವುದಿಲ್ಲ, ತಟ್ಟೆ ಮತ್ತು ತುಣುಕನ್ನು ಒಟ್ಟಾಗಿ ನೋಡುತ್ತದೆ ಎಂಬುದನ್ನು 1974ರಲ್ಲಿ ರಾಲ್ಫ್ ಝಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ತೋರಿಸಿಕೊಟ್ಟರು. ಈ ತಟ್ಟೆಯ ಆಕಾರ ಮನುಷ್ಯರಿಂದ ಮನುಷ್ಯರಿಗೆ ಬೇರೆ. ನಿಮ್ಮ ಅಕ್ಕ ಅರ್ಧ ತಟ್ಟೆಗಳನ್ನು ಅಮ್ಮನಿಂದ, ಇನ್ನರ್ಧವನ್ನು ಅಪ್ಪನಿಂದ ಪಡೆದಿದ್ದಾಳೆ. ಅಮ್ಮನ ಕಿಡ್ನಿಯಲ್ಲಿರುವ ಉಳಿದರ್ಧ ಅವಳಿಗೆ ಹೊಸದು. ವೈರಾಣುವಿನ ಒಂದು ತುಣುಕನ್ನು ಗುರುತಿಸಬಲ್ಲ ಟಿ ಕೋಶಗಳು ಲಕ್ಷಕ್ಕೊಂದು ಸಿಕ್ಕರೂ ದೊಡ್ಡದು. ಪರರ ತಟ್ಟೆಗೆ ಕೆರಳುವ ಟಿ ಕೋಶಗಳಾದರೋ ನೂರಕ್ಕೆ ಒಂದರಿಂದ ಹತ್ತರವರೆಗೂ ಇರುತ್ತವೆ. ಯಾವ ಸೋಂಕಿಗೂ ದೇಹ ಇಷ್ಟು ದೊಡ್ಡ ಪಡೆಯನ್ನು ಆರಂಭದಲ್ಲೇ ಇಳಿಸುವುದಿಲ್ಲ. ಮಾತ್ರೆಗಳು ಇಷ್ಟು ಕಠಿಣವಾಗಿರುವುದೂ ಇದನ್ನು ಎದುರಿಸಲಿಕ್ಕೇ.

ಇನ್ನು ಅಂಕಿಗಳಿಗೆ ಬರೋಣ, ಅಕ್ಕನಿಗೆ ಇವು ಸಮಾಧಾನ ತಂದಾವು. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ಅಂಗ ಕಸಿಯಾದವರಲ್ಲಿ ಎಂಆರ್‌ಎನ್‌ಎ ಲಸಿಕೆಯ ಪರಿಣಾಮವನ್ನು ನೋಡಿತು. ಮೊದಲ ಡೋಸಿನ ನಂತರ ಪ್ರತಿಕಾಯ ಕಂಡದ್ದು ಶೇ 17ರಷ್ಟು ಜನರಲ್ಲಿ, ಎರಡನೆಯ ಡೋಸಿನ ನಂತರ ಶೇ 54ರಷ್ಟು ಜನರಲ್ಲಿ. ಅಂದರೆ ಸುಮಾರು ಅರ್ಧದಷ್ಟು ಮಂದಿಗೆ ಅಕ್ಕನಂಥದ್ದೇ ವರದಿ ಬಂದಿತ್ತು. ಫ್ರಾನ್ಸಿನ ಟುಲೂಸ್ ನಗರದ ವೈದ್ಯರು 101 ಮಂದಿಗೆ ಮೂರನೆಯ ಡೋಸ್ ಕೊಟ್ಟು ನೋಡಿದರು. ಅದಕ್ಕೂ ಮುನ್ನ ಪ್ರತಿಕಾಯ ಇದ್ದದ್ದು ಶೇ 40ರಷ್ಟು ಜನರಿಗೆ, ಮೂರನೆಯದರ ಬಳಿಕ ಅದು ಶೇ 68ಕ್ಕೆ ಏರಿತು. ನನಗೆ ಮುಖ್ಯವೆನಿಸುವುದು ಅದೇ ಅಧ್ಯಯನದ ಒಳಗಿನ ಇನ್ನೊಂದು ಲೆಕ್ಕ: ಎರಡು ಡೋಸಿನ ನಂತರವೂ ಸೊನ್ನೆಯಲ್ಲಿದ್ದ 59 ಮಂದಿಯಲ್ಲಿ 26 ಜನರಿಗೆ ಮೂರನೆಯದು ಹಿಡಿಯಿತು. ಅಕ್ಕ ಈಗ ನಿಂತಿರುವುದು ಆ 59 ಜನರ ಸಾಲಿನಲ್ಲಿ. ಟೊರಾಂಟೊದಲ್ಲಿ 120 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧ ಜನರಿಗೆ ಲಸಿಕೆಯನ್ನೂ ಉಳಿದವರಿಗೆ ಬರೀ ಉಪ್ಪುನೀರನ್ನೂ ಚೀಟಿ ಎತ್ತಿದಂತೆ ಹಂಚಿದ್ದರು. ಅಲ್ಲಿಯೂ ಮೂರನೆಯ ಡೋಸ್ ಪಡೆದವರಲ್ಲಿ ಶೇ 55ರಷ್ಟು, ಉಪ್ಪುನೀರು ಪಡೆದವರಲ್ಲಿ ಶೇ 18ರಷ್ಟು ಜನ ನಿಗದಿತ ಮಟ್ಟ ಮುಟ್ಟಿದರು. ಇವೆಲ್ಲ ಬಂದ ಮೇಲೆಯೇ ಕಸಿಯಾದವರಿಗೆ ಹೆಚ್ಚುವರಿ ಡೋಸ್ ಕೊಡುವುದು ಹಲವು ದೇಶಗಳಲ್ಲಿ ನಿಯಮವಾಯಿತು.

ಪ್ರತಿಕಾಯದ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದೂ ಅಕ್ಕನಿಗೆ ಗೊತ್ತಿರಲಿ. ಅದು ರಕ್ತದಲ್ಲಿ ತೇಲುತ್ತಿರುವ ಒಂದು ಬಗೆಯ ಪ್ರೋಟೀನನ್ನು ಮಾತ್ರ ಅಳೆಯುತ್ತದೆ. ಸೋಂಕು ತಗುಲಿದ ಕೋಶವನ್ನು ಹುಡುಕಿ ಕೊಲ್ಲುವ ಟಿ ಕೋಶಗಳ ಲೆಕ್ಕ ಅದರಲ್ಲಿಲ್ಲ. ಪ್ರತಿಕಾಯ ಸೊನ್ನೆಯಿದ್ದ ಕಸಿ ರೋಗಿಗಳಲ್ಲಿ ಹಲವರಿಗೆ ವೈರಾಣುವನ್ನು ಗುರುತಿಸುವ ಟಿ ಕೋಶಗಳು ಹುಟ್ಟಿದ್ದನ್ನು ಒಂದಕ್ಕಿಂತ ಹೆಚ್ಚು ತಂಡಗಳು ಕಂಡಿವೆ. ಲಸಿಕೆಯ ಫಲವನ್ನು ಅಳೆಯಲು ಇಂಥ ಪರೀಕ್ಷೆಯನ್ನು ನೆಚ್ಚಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಮೇ ತಿಂಗಳಲ್ಲೇ ಹೇಳಿತ್ತು. ಹಾಗೆಂದು ಅಕ್ಕನಿಗೆ ಸುಳ್ಳು ಧೈರ್ಯ ತುಂಬಲು ನನಗೆ ಮನಸ್ಸಿಲ್ಲ. ಕಸಿಯಾದವರ ಟಿ ಕೋಶದ ಸ್ಪಂದನವೂ ಇತರರಿಗಿಂತ ಕಡಿಮೆಯೇ. ಸೊನ್ನೆ ಬಂದವರು ಎಚ್ಚರಿಕೆಯನ್ನು ಸಡಿಲಿಸುವಂತಿಲ್ಲ.

ಈಗ ಮಾತ್ರೆ ನಿಲ್ಲಿಸುವ ವಿಚಾರ. ಮೈಕೋಫಿನೋಲೇಟ್ ಇಷ್ಟು ಅಡ್ಡಿಯಾಗುವುದಾದರೆ ಸ್ವಲ್ಪ ದಿನ ಬಿಟ್ಟರೆ ಹೇಗೆ ಎಂಬ ಯೋಚನೆ ವಿಜ್ಞಾನಿಗಳಿಗೂ ಬಂದಿತ್ತು. ಕೆಲವು ಸಣ್ಣ ಅಧ್ಯಯನಗಳಲ್ಲಿ, ಆಯ್ದ ರೋಗಿಗಳಲ್ಲಿ, ವೈದ್ಯರ ಬಿಗಿ ಕಾವಲಿನಲ್ಲಿ ಹಾಗೆ ಮಾಡಿದಾಗ ಪ್ರತಿಕಾಯ ಏರಿದ್ದೂ ಉಂಟು. ಆದರೆ ನೆದರ್ಲೆಂಡ್ಸ್‌ನಲ್ಲಿ ಇದನ್ನು ಸರಿಯಾದ ಹೋಲಿಕೆಯೊಂದಿಗೆ ಪರೀಕ್ಷೆಗೊಡ್ಡಿದರು. ಹಿಂದಿನ ಡೋಸುಗಳು ಹಿಡಿಯದ ಕಿಡ್ನಿ ಕಸಿ ರೋಗಿಗಳಲ್ಲಿ ಒಂದು ಗುಂಪು ಲಸಿಕೆಗೆ ಒಂದು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ಮೈಕೋಫಿನೋಲೇಟ್ ನಿಲ್ಲಿಸಿತು, ಇನ್ನೊಂದು ಗುಂಪು ಮುಂದುವರಿಸಿತು. ನಿಲ್ಲಿಸಿದವರಿಗೆ ಯಾವ ಲಾಭವೂ ಕಾಣಲಿಲ್ಲ. ನಿಮ್ಮ ಸಂಬಂಧಿಕರು ಹೇಳಿದ ‘ಆಚೆ ಈಚೆ ಒಂದು ವಾರ’ ಎಂಬುದು ಹೆಚ್ಚುಕಡಿಮೆ ಇದೇ ಪ್ರಯೋಗ. ಅದರ ಉತ್ತರ ಬಂದಾಗಿದೆ.

ಮಾತ್ರೆ ಕಡಿಮೆಯಾದರೆ ಏನಾಗಬಹುದು ಎಂಬುದಕ್ಕೆ ಇತ್ತೀಚಿನ ಒಂದು ಪ್ರಕರಣ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಹಿಳೆಯೊಬ್ಬರಿಗೆ ವಂಶವಾಹಿ ತಿದ್ದಿದ ಹಂದಿಯ ಕಿಡ್ನಿಯನ್ನು ಕಸಿ ಮಾಡಿದರು. ಅದು 130 ದಿನ ಕೆಲಸ ಮಾಡಿತು. ಆ ಹೊತ್ತಿಗೆ ಅಂಥ ಅಂಗವೊಂದು ಜೀವಂತ ಮನುಷ್ಯರಲ್ಲಿ ಅಷ್ಟು ದಿನ ಉಳಿದದ್ದು ಅದೇ ಮೊದಲು. ನಡುವೆ ಅವರಿಗೆ ಬೇರೊಂದು ಸೋಂಕು ತಗುಲಿತು. ಸೋಂಕಿನೊಡನೆ ಹೋರಾಡಲೆಂದು ವೈದ್ಯರು ನಿರೋಧ ತಗ್ಗಿಸುವ ಔಷಧವನ್ನು ಕಡಿಮೆ ಮಾಡಿದರು, ಬೇರೆ ದಾರಿ ಇರಲಿಲ್ಲ. ದೇಹ ಕಿಡ್ನಿಯನ್ನು ತಿರಸ್ಕರಿಸಿತು, 2025ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ಒಂದು ಕಡೆ ಸೋಂಕು, ಇನ್ನೊಂದು ಕಡೆ ತಿರಸ್ಕಾರ. ಆ ನಡುವಿನ ಹಾದಿ ಎಷ್ಟು ಕಿರಿದು ಎಂಬುದು ಕಸಿ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಪ್ರತಿದಿನ ಎದುರಾಗುತ್ತದೆ. ಮನುಷ್ಯರ ಕಿಡ್ನಿ, ಅದರಲ್ಲೂ ಅಮ್ಮನದು, ಇಷ್ಟು ಮುನಿಸಿನದಲ್ಲ, ನಿಜ. ಆದರೆ ತಿರಸ್ಕಾರ ಶುರುವಾದಾಗ ಮೊದಮೊದಲು ನೋವೇ ಇರುವುದಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ ವರದಿ ಕೈಗೆ ಬರುವ ಹೊತ್ತಿಗೆ ಹಾನಿ ಆರಂಭವಾಗಿರುತ್ತದೆ.

ಲಸಿಕೆಯೇ ತಿರಸ್ಕಾರ ತರುತ್ತದೆ ಎಂಬ ಹೆದರಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಅದರ ಹಿಂದೆ ಒಂದು ನಿಜವಾದ ಜೀವಶಾಸ್ತ್ರವಿದೆ. ಎಪ್‌ಸ್ಟೈನ್-ಬಾರ್ ಎಂಬ ವೈರಾಣು ನಮ್ಮಲ್ಲಿ ಬಹುತೇಕರ ಮೈಯಲ್ಲಿ ಜೀವನಪೂರ್ತಿ ಅಡಗಿರುತ್ತದೆ. ಬಿ8 ಎಂಬ ಎಚ್‌ಎಲ್‌ಎ ಇರುವ ಕೆಲವರಲ್ಲಿ, ಈ ವೈರಾಣುವನ್ನು ಹಿಡಿಯಲು ಕಲಿತ ಟಿ ಕೋಶಗಳು ಬಿ44 ಎಂಬ ಪರರ ಎಚ್‌ಎಲ್‌ಎ ಕಂಡರೂ ಅದನ್ನು ವೈರಾಣುವೆಂದೇ ತಿಳಿದು ಎರಗುತ್ತವೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು 1990ರ ದಶಕದಲ್ಲಿ ಪತ್ತೆಹಚ್ಚಿದರು. ಹಳೆಯ ಸೋಂಕಿನ ನೆನಪು ಹೊಸ ಅಂಗಕ್ಕೆ ಮುಳುವಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ಹಾಗಿದ್ದರೆ ಲಸಿಕೆಯ ನೆನಪೂ ಮುಳುವಾಗಬಾರದೇಕೆ ಎಂದು ವೈದ್ಯರೂ ದಶಕಗಳ ಕಾಲ ಅಳುಕಿದ್ದರು.

ಅದಕ್ಕೇ ಹುಡುಕಿ ನೋಡಿದ್ದಾರೆ. ಲಸಿಕೆ ಪಡೆದ ಮತ್ತು ಪಡೆಯದ ಕಸಿ ರೋಗಿಗಳನ್ನು ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ಲಸಿಕೆಯಿಂದ ತಿರಸ್ಕಾರ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಟುಲೂಸ್‌ನ ಆ 101 ಮಂದಿಯಲ್ಲೂ ಮೂರನೆಯ ಡೋಸಿನ ನಂತರ ಯಾರಿಗೂ ತಿರಸ್ಕಾರ ಕಾಣಿಸಿಕೊಳ್ಳಲಿಲ್ಲ. ಲಸಿಕೆ ಕೆಲವೇ ಪ್ರೋಟೀನನ್ನು, ಕೆಲವೇ ದಿನ, ಒಂದೇ ಕಂಕುಳಿಗೆ ತೋರಿಸಿ ಸುಮ್ಮನಾಗುತ್ತದೆ. ನಿಜವಾದ ಸೋಂಕು ಹಾಗಲ್ಲ. ಅದು ಶ್ವಾಸಕೋಶದಿಂದ ಕಿಡ್ನಿಯವರೆಗೆ ಉರಿಯೂತ ಹಬ್ಬಿಸುತ್ತದೆ. ಉರಿಯೂತದ ಹೊತ್ತಿನಲ್ಲಿ ಕಸಿಯಾದ ಅಂಗದ ಕೋಶಗಳು ತಮ್ಮ ಎಚ್‌ಎಲ್‌ಎ ತಟ್ಟೆಗಳನ್ನು ಇನ್ನೂ ಹೆಚ್ಚಾಗಿ ಹೊರಗೆ ಹಿಡಿಯುತ್ತವೆ. ಮಲಗಿದ್ದ ಟಿ ಕೋಶಗಳನ್ನು ಎಬ್ಬಿಸುವುದು ಆ ಗದ್ದಲ. ಫ್ಲೂ ಬಂದುಹೋದ ಮೇಲೆ ತಿರಸ್ಕಾರ ಶುರುವಾದ ಪ್ರಕರಣಗಳು ದಾಖಲಾಗಿವೆ. ಕಿಡ್ನಿಗಾಗಿ ಹೆದರುವವರು ಸೋಂಕಿಗೆ ಹೆದರಬೇಕು.

ಒಂದು ಬಗೆಯ ಲಸಿಕೆಗೆ ಮಾತ್ರ ನಿಮ್ಮ ಸಂಬಂಧಿಕರ ಎಚ್ಚರಿಕೆ ಬೇರೆ ಕಾರಣಕ್ಕಾಗಿ ಒಪ್ಪುತ್ತದೆ. ಜೀವಂತ, ಆದರೆ ದುರ್ಬಲಗೊಳಿಸಿದ ರೋಗಾಣು ಇರುವ ಲಸಿಕೆಗಳನ್ನು ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ: ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆ, ಸೀತಾಳೆ ಸಿಡುಬಿನ ಲಸಿಕೆ, ಹಳದಿ ಜ್ವರದ ಲಸಿಕೆ, ಬಿಸಿಜಿ, ಬಾಯಿಗೆ ಹಾಕುವ ಪೋಲಿಯೊ ಹನಿ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ. ಇಲ್ಲಿ ಅಪಾಯ ತಿರಸ್ಕಾರದ್ದಲ್ಲ. ತಗ್ಗಿದ ನಿರೋಧದಲ್ಲಿ ಆ ದುರ್ಬಲ ರೋಗಾಣುವೇ ಬೆಳೆದು ಕಾಯಿಲೆ ತಂದೀತು ಎಂಬ ಭಯ. ಕಸಿಗಾಗಿ ಕಾಯುತ್ತಿರುವವರು ಬೇಕಾದ ಲಸಿಕೆಗಳನ್ನೆಲ್ಲ ಮೊದಲೇ ಮುಗಿಸಿಕೊಳ್ಳಬೇಕು, ಜೀವಂತ ಲಸಿಕೆಯಾದರೆ ಕಸಿಗೆ ಕನಿಷ್ಠ ನಾಲ್ಕು ವಾರ ಮುಂಚೆ. ಡಯಾಲಿಸಿಸ್‌ನಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಈ ಸಾಲನ್ನು ದಯವಿಟ್ಟು ಗುರುತು ಹಾಕಿಕೊಳ್ಳಲಿ. ಕಸಿಗೆ ಮುಂಚೆ ಕಲಿತದ್ದನ್ನು ಬಿ ಕೋಶಗಳು ಮಾತ್ರೆ ಶುರುವಾದ ಮೇಲೂ ಬಹುಪಾಲು ನೆನಪಿಟ್ಟುಕೊಳ್ಳುತ್ತವೆ. ಹೊಸದಾಗಿ ಕಲಿಯುವುದು ಅವುಗಳಿಗೆ ಕಷ್ಟ.

ಕೋವಿಡ್ ಒಂದನ್ನೇ ನೋಡಬೇಡಿ. ಫ್ಲೂ ಲಸಿಕೆಯ ವಿಷಯದಲ್ಲಿ ಒಳ್ಳೆಯ ಸುದ್ದಿ ಬಂದಿದೆ. ಸ್ವಿಟ್ಜರ್ಲೆಂಡ್ ಮತ್ತು ಸ್ಪೇನ್‌ನ ಆಸ್ಪತ್ರೆಗಳು ಅಂಗ ಕಸಿಯಾದ ಆರುನೂರಕ್ಕೂ ಹೆಚ್ಚು ಮಂದಿಯನ್ನು ಮೂರು ಗುಂಪು ಮಾಡಿ, ಸಾಮಾನ್ಯ ಫ್ಲೂ ಲಸಿಕೆ, ಹೆಚ್ಚು ಪ್ರಮಾಣದ ಲಸಿಕೆ, ಮತ್ತು ನಿರೋಧವನ್ನು ಬಡಿದೆಬ್ಬಿಸುವ ಪೂರಕ ಸೇರಿಸಿದ ಲಸಿಕೆಗಳನ್ನು ಹೋಲಿಸಿದವು. ಸಾಮಾನ್ಯ ಲಸಿಕೆಗೆ ಸ್ಪಂದಿಸಿದವರು ಶೇ 42, ಪೂರಕ ಸೇರಿಸಿದ್ದಕ್ಕೆ ಶೇ 60, ಹೆಚ್ಚು ಪ್ರಮಾಣದ್ದಕ್ಕೆ ಶೇ 66. ಸರ್ಪಸುತ್ತಿಗೂ ಈಗ ಜೀವಂತವಲ್ಲದ ಲಸಿಕೆ ಇದೆ. ಹಳೆಯದು ಜೀವಂತ ಲಸಿಕೆಯಾಗಿದ್ದರಿಂದ ಕಸಿಯಾದವರಿಗೆ ಅದು ನಿಷಿದ್ಧವಾಗಿತ್ತು. ಇವು ಸಿಗುವ ಕಡೆ ಅಕ್ಕನ ವೈದ್ಯರನ್ನು ಹೆಸರು ಹಿಡಿದು ಕೇಳಿ.

ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆ, ಕಿಡ್ನಿಯೂ ಉಳಿದು ರಕ್ಷಣೆಯೂ ಸಿಗುವ ದಾರಿ, ನನ್ನ ವೃತ್ತಿಜೀವನವಿಡೀ ಜೊತೆಗಿರುವ ಪ್ರಶ್ನೆ. ಈಗಿನ ಮಾತ್ರೆಗಳು ಊರಿಗೆಲ್ಲ ಕರ್ಫ್ಯೂ ಹಾಕಿದಂತೆ: ಒಬ್ಬ ಪುಂಡನನ್ನು ತಡೆಯಲು ಎಲ್ಲರನ್ನೂ ಮನೆಯೊಳಗೆ ಕೂಡಿಹಾಕುತ್ತವೆ. ಅಮ್ಮನ ಕಿಡ್ನಿಯ ಮೇಲೆ ಎರಗುವ ಕೋಶಗಳನ್ನು ಮಾತ್ರ ಸುಮ್ಮನಾಗಿಸಿ ಉಳಿದವನ್ನು ಬಿಟ್ಟುಬಿಡಲು ಆಗದೇ?

ದೇಹದಲ್ಲಿ ಆ ಕೆಲಸಕ್ಕೆಂದೇ ಕೋಶಗಳಿವೆ. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಅವುಗಳನ್ನು ಗುರುತಿಸಿದಾಗ ನಂಬಿದವರು ಕಡಿಮೆ. ಇತರ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳು ಅವು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಹುಟ್ಟಿನಿಂದಲೇ ಮೈ ತನ್ನನ್ನು ತಾನೇ ತಿನ್ನುತ್ತಿದ್ದ ಒಂದು ಇಲಿಯ ತಳಿಯಲ್ಲಿ ಕೆಟ್ಟಿದ್ದ ವಂಶವಾಹಿಯನ್ನು ಹುಡುಕಿ ತೆಗೆದರು. ಫಾಕ್ಸ್‌ಪಿ3 ಎಂಬ ಆ ವಂಶವಾಹಿಯಿಲ್ಲದೆ ನಿಯಂತ್ರಕ ಕೋಶಗಳು ರೂಪುಗೊಳ್ಳುವುದಿಲ್ಲ ಎಂಬುದು ಆಮೇಲೆ ತಿಳಿಯಿತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಸಂದಾಗ ಕಸಿ ಕ್ಷೇತ್ರದವರಿಗೆ ತಮ್ಮ ಮನೆಯವರಿಗೇ ಬಂದಷ್ಟು ಸಂತೋಷವಾಯಿತು. ಏಕೆಂದರೆ ಆ ಕೋಶಗಳನ್ನು ಔಷಧವಾಗಿ ಬಳಸುವ ಪ್ರಯೋಗಗಳು ಆಗಲೇ ನಡೆದಿದ್ದವು. ಯುರೋಪ್ ಮತ್ತು ಅಮೆರಿಕದ ಹಲವು ಕೇಂದ್ರಗಳು ಸೇರಿ, ಜೀವಂತ ದಾನಿಗಳಿಂದ ಕಿಡ್ನಿ ಪಡೆದ 38 ಮಂದಿಗೆ ಇಂಥ ನಿಯಂತ್ರಕ ಟಿ ಕೋಶಗಳನ್ನು ಅಥವಾ ಅಂಥದ್ದೇ ಕೆಲಸ ಮಾಡುವ ಬೇರೆ ನಿರೋಧಕ ಕೋಶಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಕೊಟ್ಟವು. 2020ರಲ್ಲಿ ಬಂದ ಫಲಿತಾಂಶದಂತೆ, ಸಾಮಾನ್ಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಇವರಲ್ಲಿ ತಿರಸ್ಕಾರ ಗಮನಾರ್ಹವಾಗಿ ಹೆಚ್ಚಲಿಲ್ಲ, ಸೋಂಕುಗಳು ಕಡಿಮೆಯಿದ್ದವು. ಹಲವರಿಗೆ ಮೈಕೋಫಿನೋಲೇಟನ್ನು ಕ್ರಮೇಣ ನಿಲ್ಲಿಸಲೂ ಆಯಿತು. ಸಣ್ಣ ಸಂಖ್ಯೆ, ಇನ್ನೂ ದೊಡ್ಡ ಪ್ರಯೋಗಗಳು ಬೇಕು. ಆದರೂ ನೀವು ಕೇಳಿದ ದಾರಿಯ ಮೊದಲ ಹೆಜ್ಜೆಗಳಂತೆ ನನಗೆ ಇವು ಕಾಣುತ್ತವೆ.

ಅದಕ್ಕಿಂತ ಮುಂದೆ ಹೋದವರೂ ಇದ್ದಾರೆ. ಸ್ಟ್ಯಾನ್‌ಫರ್ಡ್‌ನ ವೈದ್ಯರು ಅಪರೂಪದ ಆನುವಂಶಿಕ ಕಾಯಿಲೆಯಿಂದ ಕಿಡ್ನಿ ಮತ್ತು ರೋಗನಿರೋಧಕ ವ್ಯವಸ್ಥೆ ಎರಡೂ ಹಾಳಾಗಿದ್ದ ಮೂವರು ಮಕ್ಕಳಿಗೆ ಮೊದಲು ತಂದೆ ಅಥವಾ ತಾಯಿಯ ಕಾಂಡಕೋಶಗಳನ್ನು, ಅಂದರೆ ರಕ್ತದ ಮತ್ತು ನಿರೋಧದ ಕೋಶಗಳನ್ನೆಲ್ಲ ಹುಟ್ಟಿಸುವ ಮೂಲ ಕೋಶಗಳನ್ನು, ಕೊಟ್ಟರು. ಮಗುವಿನ ನಿರೋಧ ವ್ಯವಸ್ಥೆಯೇ ಆ ಪೋಷಕರದ್ದಾಗಿ ಬದಲಾಯಿತು. ಬಳಿಕ ಅದೇ ಪೋಷಕರ ಕಿಡ್ನಿಯನ್ನು ಕಸಿ ಮಾಡಿದರು. ದೇಹಕ್ಕೆ ಅದು ಪರರದ್ದು ಅನಿಸಲಿಲ್ಲ, ಕಸಿಯ ಸುಮಾರು ಒಂದು ತಿಂಗಳ ನಂತರ ಮಾತ್ರೆಗಳನ್ನೇ ನಿಲ್ಲಿಸಲಾಯಿತು. 2022ರಲ್ಲಿ ಅದರ ವರದಿ ಬಂತು. ಓದಿದಾಗ ನನ್ನ ಕಣ್ಣು ತೇವವಾಯಿತು. ಆದರೆ ಅಕ್ಕನಿಗೆ ಇದನ್ನು ನಾನು ಸೂಚಿಸಲಾರೆ. ಕಾಂಡಕೋಶಗಳಿಗೆ ಜಾಗ ಮಾಡಲು ಮಜ್ಜೆಯನ್ನು ಔಷಧ ಮತ್ತು ವಿಕಿರಣದಿಂದ ಬರಿದು ಮಾಡಬೇಕು. ಬಂದ ಕೋಶಗಳು ರೋಗಿಯ ಮೈಯನ್ನೇ ಪರರದೆಂದು ಎರಗುವ ಅಪಾಯವೂ ಇದೆ. ಕಿಡ್ನಿ ಚೆನ್ನಾಗಿ ನಡೆಯುತ್ತಿರುವವರಿಗೆ ಇಷ್ಟು ದೊಡ್ಡ ಅಪಾಯ ಬೇಡ.

ಇನ್ನೂ ಹತ್ತಿರದಲ್ಲಿ ಕೈಗೆ ಸಿಗಬಹುದಾದದ್ದು ಮಾತ್ರೆಯ ಪ್ರಮಾಣವನ್ನು ಒಬ್ಬೊಬ್ಬರಿಗೂ ಅಳೆದು ಕೊಡುವ ವಿದ್ಯೆ. 1997ರಲ್ಲಿ ಜಪಾನಿನಲ್ಲಿ ಪತ್ತೆಯಾದ ಟಾರ್ಕ್ ಟೆನೊ ಎಂಬ ವೈರಾಣು ಬಹುಪಾಲು ಜನರ ರಕ್ತದಲ್ಲಿ ಯಾವ ಕಾಯಿಲೆಯನ್ನೂ ತರದೆ ಇರುತ್ತದೆ. ನಿರೋಧ ತಗ್ಗಿದಂತೆ ಅದರ ಸಂಖ್ಯೆ ಏರುತ್ತದೆ, ನಿರೋಧ ಚುರುಕಾದಂತೆ ಇಳಿಯುತ್ತದೆ. ಕಿಡ್ನಿ ಕಸಿಯಾದವರಲ್ಲಿ ಈ ಸಂಖ್ಯೆ ತೀರಾ ಹೆಚ್ಚಿದ್ದರೆ ಸೋಂಕಿನ, ತೀರಾ ಕಡಿಮೆಯಿದ್ದರೆ ತಿರಸ್ಕಾರದ ಸಂಭವ ಹೆಚ್ಚು ಎಂದು ವಿಯೆನ್ನಾದ ತಂಡವೂ ಸೇರಿ ಹಲವರು ತೋರಿಸಿದ್ದಾರೆ. ಯಾರ ತಂಟೆಗೂ ಹೋಗದ ಒಂದು ವೈರಾಣುವನ್ನು ಅಳತೆಗೋಲಾಗಿ ಹಿಡಿದು ಮಾತ್ರೆ ನಿಗದಿ ಮಾಡುವ ಪ್ರಯೋಗ ಯುರೋಪಿನಲ್ಲಿ ನಡೆದಿದೆ. ಔಷಧದ ಮಟ್ಟವನ್ನು ರಕ್ತದಲ್ಲಿ ಅಳೆಯುವುದು ನಾವು ಈಗ ಮಾಡುತ್ತಿರುವ ಕೆಲಸ. ಆ ಔಷಧ ಈ ವ್ಯಕ್ತಿಯ ನಿರೋಧವನ್ನು ನಿಜವಾಗಿ ಎಷ್ಟು ತಗ್ಗಿಸಿದೆ ಎಂದು ಅಳೆಯಲು ಬರುವುದಾದರೆ, ನಿಮ್ಮ ಅಕ್ಕನಂಥ ಎಷ್ಟೋ ಜನರಿಗೆ ಒಂದೆರಡು ಮಾತ್ರೆ ಕಡಿಮೆಯಾದೀತು, ಲಸಿಕೆಯೂ ಹಿಡಿದೀತು.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಕಸಿ ವೈದ್ಯರೊಡನೆ ಮಾತನಾಡಿ ಮುಂದಿನ ಕೋವಿಡ್ ಡೋಸಿನ ದಿನ ಗೊತ್ತು ಮಾಡಿಕೊಳ್ಳಿ, ಮಾತ್ರೆಗಳು ಎಂದಿನಂತೆ ನಡೆಯಲಿ. ಅಕ್ಕನಿಗೆ ಸಿಗದ ಪ್ರತಿಕಾಯವನ್ನು ಮನೆಯವರು ಅವಳ ಸುತ್ತ ಬೇಲಿಯಂತೆ ಕಟ್ಟಬಹುದು: ನೀವು, ಅಮ್ಮ, ಮನೆಯ ಮಕ್ಕಳು ಎಲ್ಲರೂ ಫ್ಲೂ ಮತ್ತು ಕೋವಿಡ್ ಲಸಿಕೆಗಳಲ್ಲಿ ಹಿಂದೆ ಬೀಳಬೇಡಿ. ಮಕ್ಕಳಿಗೆ ದಡಾರ, ಸೀತಾಳೆ ಸಿಡುಬಿನ ಲಸಿಕೆ ಹಾಕಿಸಲು ಅಡ್ಡಿಯಿಲ್ಲ. ಸೀತಾಳೆ ಲಸಿಕೆಯ ನಂತರ ಮಗುವಿನ ಮೈಯಲ್ಲಿ ಗುಳ್ಳೆ ಎದ್ದರೆ ಅದು ಆರುವವರೆಗೆ ಅಕ್ಕ ದೂರವಿರಲಿ. ಪೋಲಿಯೊ ಮಾತ್ರ ಹನಿಯ ಬದಲು ಚುಚ್ಚುಮದ್ದಿನ ರೂಪದಲ್ಲಿರಲಿ, ಹನಿಯ ವೈರಾಣು ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುತ್ತದೆ. ಮಗುವಿನ ವೈದ್ಯರಿಗೆ ಮನೆಯಲ್ಲಿ ಕಸಿಯಾದವರಿದ್ದಾರೆ ಎಂದು ತಿಳಿಸಿದರೆ ಅವರು ವ್ಯವಸ್ಥೆ ಮಾಡುತ್ತಾರೆ.

ಅಕ್ಕನಿಗೆ ಜ್ವರ ಬಂದರೆ ನಾಳೆ ನೋಡೋಣ ಎನ್ನಬೇಡಿ, ಅದೇ ದಿನ ಕಸಿ ವಿಭಾಗಕ್ಕೆ ಕರೆ ಮಾಡಿ. ಕೋವಿಡ್ ಎಂದಾದರೆ, ಬೇರೆಯವರಿಗೆ ಧಾರಾಳವಾಗಿ ಕೊಡುವ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಮಾತ್ರೆಯನ್ನು ಅವರನ್ನು ಕೇಳದೆ ಶುರು ಮಾಡಬಾರದು. ಅದರಲ್ಲಿರುವ ರಿಟೊನಾವಿರ್, ಟ್ಯಾಕ್ರೋಲಿಮಸ್ ಅನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಟ್ಯಾಕ್ರೋಲಿಮಸ್ ವಿಷದ ಮಟ್ಟಕ್ಕೆ ಏರಿ, ಉಳಿಸಿಕೊಳ್ಳಬೇಕೆಂದ ಕಿಡ್ನಿಗೇ ಪೆಟ್ಟು ಬೀಳುತ್ತದೆ. ಕೆಲವು ಆಂಟಿಬಯಾಟಿಕ್‌ಗಳಿಗೂ ಶಿಲೀಂಧ್ರದ ಔಷಧಗಳಿಗೂ ಇದೇ ಗುಣವಿದೆ. ಅಕ್ಕನ ಮಾತ್ರೆಗಳ ಪಟ್ಟಿಯ ಚಿತ್ರ ಅವಳ ಮೊಬೈಲಿನಲ್ಲೂ ನಿಮ್ಮ ಮೊಬೈಲಿನಲ್ಲೂ ಇರಲಿ. ಯಾವ ಹೊಸ ವೈದ್ಯರನ್ನು ಕಂಡರೂ ಅವರು ಔಷಧ ಬರೆಯುವುದಕ್ಕೆ ಮುಂಚೆ ಅದನ್ನು ತೋರಿಸಿ.